ಪ್ರತಿಕ್ರಿಯೆ: ನಾಲ್ಕನೇ ದಿನಕ್ಕೆ ಮಿಡಿತ ನಿಲ್ಲಿಸಿದ ಹೃದಯದ ಕೋಶಗಳು

ಇಲಿಮರಿಯ ಹೃದಯ ಕೋಶಗಳು ಎರಡು ದಿನ ಮಿಡಿದು ನಾಲ್ಕನೇ ದಿನ ನಿಂತವು, ಅವನ್ನು ಬೆಳೆಸುವ ಪ್ಲೇಟ್ ತುಂಬ ಚಪ್ಪಟೆ ಕೋಶಗಳು ಅಂತ ಬರೆದಿದ್ದೀರಿ. ಆ ಚಪ್ಪಟೆ ಕೋಶಗಳು ಬಹುಶಃ ಫೈಬ್ರೋಬ್ಲಾಸ್ಟ್‌ಗಳು, ಅಂದರೆ ಹೃದಯದ ಅಂಗಾಂಶಕ್ಕೆ ಆಧಾರ ಕೊಡುವ, ತಾವೇ ಮಿಡಿಯದ ಕೋಶಗಳು. ಮಿಡಿಯುವ ಸ್ನಾಯು ಕೋಶಗಳು ಮರಿ ಹುಟ್ಟಿದ ಕೆಲವೇ ದಿನಕ್ಕೆ ವಿಭಜನೆ ನಿಲ್ಲಿಸುತ್ತವೆ, ಇವು ನಿಲ್ಲಿಸುವುದಿಲ್ಲ. ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಕಲೆ ಕಟ್ಟುವವೂ ಇವೇ.

ಮೊದಲು ಇದೇ ಪ್ಲೇಟನ್ನು 37 ಡಿಗ್ರಿಯ ಇನ್‌ಕ್ಯುಬೇಟರ್‌ನಿಂದ ತೆಗೆದ ಕೂಡಲೇ ನೋಡಿ. ದಾವಣಗೆರೆ ಬಿಸಿಲಿಗೆ ಹೆದರಿ ಎಸಿ ಜೋರಾಗಿಟ್ಟಿದ್ದರೆ ಮೈಕ್ರೋಸ್ಕೋಪಿನ ಕೆಳಗೇ ತಣ್ಣಗಾಗಿ ಮಿಡಿತ ನಿಧಾನವಾಗುತ್ತದೆ.

ಮುಂದಿನ ಸಲ 1ರಿಂದ 3 ದಿನದ ಮರಿಗಳನ್ನೇ ತಗೊಳ್ಳಿ. ಹೃದಯದಿಂದ ಬಿಡಿಬಿಡಿಯಾಗಿಸಿದ ಕೋಶಗಳನ್ನು ಏನೂ ಹಚ್ಚದ ಪ್ಲೇಟಿನಲ್ಲಿ 1ರಿಂದ 2 ಗಂಟೆ ಬಿಡಿ. ಫೈಬ್ರೋಬ್ಲಾಸ್ಟ್ ಬೇಗ ತಳಕ್ಕೆ ಅಂಟುತ್ತವೆ. ಸ್ನಾಯು ಕೋಶಗಳು ಉಳಿದ ಮೇಲಿನ ದ್ರವವನ್ನು ಮೆತ್ತಗೆ ತೆಗೆದು, ಕೋಶ ಅಂಟಲು ನೆರವಾಗುವ ಜೆಲಟಿನ್ ಅಥವಾ ಫೈಬ್ರೊನೆಕ್ಟಿನ್ ಪ್ರೋಟೀನ್ ಹಚ್ಚಿದ ಪ್ಲೇಟಿಗೆ ಒತ್ತೊತ್ತಾಗಿ ಹಾಕಿ. ದೂರ ದೂರ ಕೂತರೆ ಒಟ್ಟಿಗೆ ಮಿಡಿಯುವುದಿಲ್ಲ. ಮೊದಲ ಕೆಲವು ದಿನ ಫೈಬ್ರೋಬ್ಲಾಸ್ಟ್ ವಿಭಜನೆ ತಡೆಯುವ ಬ್ರೋಮೋಡಿಆಕ್ಸಿಯುರಿಡಿನ್ ಎಂಬ ರಾಸಾಯನಿಕವನ್ನು 100 ಮೈಕ್ರೋಮೋಲಾರ್ ಸೇರಿಸಿ, ಗ್ಲೌಸ್ ಮಾತ್ರ ಮರೆಯಬೇಡಿ. ಕೋಶ ವಿಭಜನೆಯನ್ನೇ ಅಳೆಯುವ ಪ್ರಯೋಗವಾದರೆ ಇದು ಬೇಡವೇ ಬೇಡ, ಲೆಕ್ಕ ಕೆಡುತ್ತದೆ.

ಕೋಶಗಳನ್ನು ಬಿಡಿಸುವ ಕಿಣ್ವ ಟ್ರಿಪ್ಸಿನ್ ಜಾಸ್ತಿ ಹೊತ್ತಾಗಿ ಕೋಶ ಸತ್ತಿರಲೂಬಹುದು, ನಿಮ್ಮ ವಿವರಣೆಯಿಂದ ಅದು ತಿಳಿಯುವುದಿಲ್ಲ. ಬಿಡಿಸಿದ ತಕ್ಷಣ ಸತ್ತ ಕೋಶಕ್ಕೆ ಮಾತ್ರ ನೀಲಿ ಹತ್ತುವ ಟ್ರೈಪಾನ್ ಬ್ಲೂ ಹಾಕಿ ಎಣಿಸಿ. ನಾಲ್ಕನೇ ದಿನ ಸ್ನಾಯು ಕೋಶದಲ್ಲಿರುವ ಟ್ರೋಪೋನಿನ್ ಟಿ ಪ್ರೋಟೀನಿಗೆ ಬಣ್ಣ ಹಾಕಿದರೆ ಯಾವುದು ಸ್ನಾಯು, ಯಾವುದಲ್ಲ ಅಂತ ಗೊತ್ತಾಗುತ್ತದೆ.