ಪ್ರತಿ: ತಗಡು ವಾಪಸ್ ಕಳಿಸುವ ಮೈಕ್ರೋವೇವನ್ನು ಪುಡಿ ಯಾಕೆ ನುಂಗುತ್ತದೆ?

ಕಬ್ಬಿಣ-ಕೋಬಾಲ್ಟ್ ತಗಡು ಮೈಕ್ರೋವೇವ್ ಅಲೆಯನ್ನು (ಒಲೆಯಲ್ಲ, ರಾಡಾರ್ ಬಳಸುವಂಥ ರೇಡಿಯೋ ಅಲೆ) ಕನ್ನಡಿಯ ಹಾಗೆ ವಾಪಸ್ ಕಳಿಸುತ್ತದೆ, ಅದೇ ಲೋಹದ ನ್ಯಾನೊ ಪುಡಿಯನ್ನು ಎಪಾಕ್ಸಿಯಲ್ಲಿ (ಕರೆಂಟ್ ಹರಿಯದ ಗಟ್ಟಿ ಅಂಟು) ಕಲಸಿದರೆ ಹೀರಿಕೊಳ್ಳುತ್ತದೆ, ಯಾಕೆ ಅಂತ ಕೇಳಿದ್ದೀರಿ.

ತಗಡಿನೊಳಗೆ ಅಲೆ ಹೋಗುವುದೇ ಇಲ್ಲ ಅನ್ನಬಹುದು. 10 ಗಿಗಾಹರ್ಟ್ಸ್‌ನಲ್ಲಿ ಅದು ಇಳಿಯುವುದು ಹೆಚ್ಚೆಂದರೆ ಒಂದು ಮೈಕ್ರೋಮೀಟರ್ ಆಸುಪಾಸು. ಮೇಲ್ಮೈಯಲ್ಲೇ ಸುಳಿ ಕರೆಂಟ್ ಹುಟ್ಟಿ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಕಣ 50 ನ್ಯಾನೊಮೀಟರ್ ಆದರೆ? ಆ ಆಳಕ್ಕಿಂತ ಕಣವೇ ಎಷ್ಟೋ ಚಿಕ್ಕದು. ಮಧ್ಯೆ ಎಪಾಕ್ಸಿ ಇರುವುದರಿಂದ ಕರೆಂಟ್ ಕಣದಿಂದ ಕಣಕ್ಕೆ ಹರಿಯುವುದಿಲ್ಲ. ಅಲೆ ಇಡೀ ಕಣದೊಳಗೆ ಹೊಕ್ಕುತ್ತದೆ.

ಅಸಲಿ ಆಟ ಆಮೇಲೆ. ಕಣದ ಕಾಂತತೆ ತನಗೆ ಒಗ್ಗಿದ ದಿಕ್ಕಿನ ಸುತ್ತ ಬುಗುರಿಯ ಹಾಗೆ ಓಲಾಡುತ್ತದೆ. ಅಲೆಯ ತಾಳ ಈ ಓಲಾಟಕ್ಕೆ ಹೊಂದಿತೋ, ಅದರ ಶಕ್ತಿ ಕಣಕ್ಕೆ ಸೇರಿ ಶಾಖವಾಗುತ್ತದೆ. ಫೆರೈಟ್ (ಕಬ್ಬಿಣದ ಆಕ್ಸೈಡ್‌ನಿಂದ ಮಾಡಿದ ಕಾಂತೀಯ ಸಿರಾಮಿಕ್) ಕೂಡ ಇದನ್ನೇ ಮಾಡುತ್ತದೆ, ಆದರೆ ಅದರ ಕಾಂತತೆ ಸುಮಾರು 0.5 ಟೆಸ್ಲಾಗೇ ಮುಗಿಯುತ್ತದೆ. ಕಬ್ಬಿಣ-ಕೋಬಾಲ್ಟ್‌ದು 2.4ರ ಹತ್ತಿರ. ಅದಕ್ಕೇ ಎತ್ತರದ ಆವರ್ತನದಲ್ಲೂ ತೆಳು ಪದರ ಸಾಕಾಗುತ್ತದೆ.

ಹಾಗಂತ ಸುಮ್ನೆ ಪುಡಿ ಸುರಿಯಬೇಡಿ. ಜಾಸ್ತಿಯಾದರೆ ಕಣಗಳು ಒಂದಕ್ಕೊಂದು ತಾಗಿ ಮತ್ತೆ ತಗಡಿನ ಕಥೆಯೇ. ಪದರದ ದಪ್ಪವೂ ಸರಿಹೊಂದಬೇಕು. ಹಿಂದೆ ಲೋಹದ ಹಾಳೆ ಇಟ್ಟು ಅಳೆದಾಗ ವಾಪಸ್ ಬರುವ ಅಲೆ ಮೈನಸ್ 10 ಡೆಸಿಬೆಲ್, ಅಂದರೆ ಹತ್ತನೇ ಒಂದು ಪಾಲು, ಆದರೆ 90% ಶಕ್ತಿ ಪದರದಲ್ಲೇ ಉಳಿಯಿತು ಅಂತ ಲೆಕ್ಕ.