ಹುಡುಗರ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಹುಡುಗಿ ಆಡಬಹುದಾ? ಯಾವ ಜಾಗದಲ್ಲಿ ಅಂತ ಮೊದಲು ಕೇಳಿ

ನೀವು ಕೇಳಿದ್ದು ಇಷ್ಟು: ಟೆಕ್ಸಸ್‌ನಲ್ಲಿರುವ ನಿಮ್ಮ ಅಣ್ಣನ ಮಗಳು ಹೈಸ್ಕೂಲಿನಲ್ಲಿ ಸಾಕರ್ (ಭಾರತದಲ್ಲಿ ನಾವು ಫುಟ್‌ಬಾಲ್ ಅನ್ನುವ ಆಟ) ಆಡುತ್ತಾಳೆ, ಕಾಲೇಜಿಗೆ ಹೋದಮೇಲೆ ಹುಡುಗರ ಫುಟ್‌ಬಾಲ್ ತಂಡದಲ್ಲಿ ಕಿಕ್ಕರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಎರಡು ಪಕ್ಷ ಆಗಿದೆ. ಇದಕ್ಕೆ ಅವಕಾಶ ಇದೆಯಾ, ಇದ್ದರೂ ಇದೆಲ್ಲ ಬರೀ ಪ್ರಚಾರಕ್ಕೆ ಮಾಡೋದಲ್ವಾ ಅನ್ನೋದು ನಿಮ್ಮ ಅನುಮಾನ.

ಅವಕಾಶ ಇದೆ. ಬೇಡ ಅನ್ನುವ ನಿಯಮ ಎಲ್ಲೂ ಇಲ್ಲ. ಸುಮಾರು ಮೂವತ್ತು ವರ್ಷದಿಂದ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಆಡಿದ್ದಾರೆ, ಅಂಕವನ್ನೂ ಗಳಿಸಿದ್ದಾರೆ. ನಾನು ನ್ಯಾಶ್‌ವಿಲ್‌ನಲ್ಲಿ ಇರುವವನು. ಇಲ್ಲಿ ಶನಿವಾರ ಬಂತಂದ್ರೆ ಕಾಲೇಜು ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇಲ್ಲ. ಹಾಗಾಗಿ ಈ ಜಗಳ ಬೇಕಾದಷ್ಟು ಕೇಳಿದ್ದೇನೆ. ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಾರೆ. "ಹೆಂಗಸರು ಫುಟ್‌ಬಾಲ್ ಆಡಬಹುದಾ" ಅಂತ ಒಟ್ಟಾರೆ ಕೇಳಿಬಿಡುತ್ತಾರೆ. ಹಾಗೆ ಕೇಳಿದರೆ ಉತ್ತರ ಸಿಗೋದಿಲ್ಲ.

ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಹೆಲ್ಮೆಟ್, ಭುಜಕ್ಕೆ ಪ್ಯಾಡು ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಮುಂದಿನ ಸಾಲಿನಲ್ಲಿ ನಿಲ್ಲುವವರು 130-140 ಕಿಲೋ ತೂಗುತ್ತಾರೆ. ಅಂಥವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯೋದೇ ಆಟ. ಅಲ್ಲಿ ಹುಡುಗಿ ನಿಲ್ಲಬೇಕಾ ಅಂದರೆ ನಾನೂ ಬೇಡ ಅಂತೀನಿ. ಆದರೆ ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಕಿಕ್ಕರ್ ಇಡೀ ಆಟದಲ್ಲಿ ನಾಲ್ಕಾರು ಸಲ ಮೈದಾನಕ್ಕೆ ಬರುತ್ತಾನೆ, ಚೆಂಡು ಒದೆಯುತ್ತಾನೆ, ಹೋಗುತ್ತಾನೆ. ಒದೆಯುವಾಗ ಎದುರಾಳಿ ಬಂದು ಗುದ್ದಿದರೆ ಅವರಿಗೆ 15 ಗಜದ ದಂಡ.

ಈ ಕಿಕ್ಕರ್‌ಗಳು ಯಾವಾಗಲೂ ಸ್ವಲ್ಪ ಹೊರಗಿನವರೇ. ಮೊದಲೆಲ್ಲ ನೇರವಾಗಿ ಓಡಿಬಂದು ಕಾಲಿನ ತುದಿಯಿಂದ ಒದೆಯುತ್ತಿದ್ದರು. 1960ರ ದಶಕದ ಶುರುವಿನಲ್ಲಿ ಹಂಗೇರಿಯಿಂದ ಬಂದ ಪೀಟ್ ಗೊಗೊಲಾಕ್ ಅನ್ನುವ ಹುಡುಗ ಕಾರ್ನೆಲ್ ಯೂನಿವರ್ಸಿಟಿ ತಂಡದಲ್ಲಿ ಸಾಕರ್ ಆಟಗಾರನ ಹಾಗೆ ಪಕ್ಕದಿಂದ ಓಡಿಬಂದು ಪಾದದ ಮೇಲ್ಭಾಗದಿಂದ ಒದೆಯತೊಡಗಿದ. ಈಗ ಎಲ್ಲರೂ ಒದೆಯುವುದು ಹಾಗೇ. ಅಂದರೆ ಸಾಕರ್‌ನಲ್ಲಿ ಪಳಗಿದ ಕಾಲಿಗೆ ಈ ಆಟದಲ್ಲಿ ಬೆಲೆ ಬಂದು ಅರವತ್ತು ವರ್ಷ ಆಯಿತು. ಅಮೆರಿಕದಲ್ಲಿ ಸಾಕರ್ ಆಡುವ ಹುಡುಗಿಯರಂತೂ ಲೆಕ್ಕವಿಲ್ಲದಷ್ಟು. ಅವರಲ್ಲಿ ಕೆಲವರು ಈ ಕಡೆ ಬಂದಿದ್ದರಲ್ಲಿ ಆಶ್ಚರ್ಯ ಏನಿದೆ?

ಮೊದಲು ಬಂದವಳು ಲಿಜ್ ಹೀಸ್ಟನ್. 1997ರ ಅಕ್ಟೋಬರ್ 18ರಂದು, ಒರೆಗಾನ್‌ನ ವಿಲ್ಲಾಮೆಟ್ ಅನ್ನುವ ಸಣ್ಣ ಯೂನಿವರ್ಸಿಟಿಗೆ ಎರಡು ಎಕ್ಸ್‌ಟ್ರಾ ಪಾಯಿಂಟ್ ಗಳಿಸಿದಳು. ಎಕ್ಸ್‌ಟ್ರಾ ಪಾಯಿಂಟ್ ಅಂದರೆ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಆದಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ ಒಂದು ಅಂಕ. ತಂಡದ ಕಿಕ್ಕರ್‌ಗೆ ಪೆಟ್ಟಾಗಿತ್ತು, ಅಲ್ಲೇ ಸಾಕರ್ ಆಡುತ್ತಿದ್ದ ಇವಳನ್ನು ಕರೆದರು. 2001ರಲ್ಲಿ ಜಾಕ್ಸನ್‌ವಿಲ್ ಸ್ಟೇಟ್ ತಂಡದ ಆಶ್ಲಿ ಮಾರ್ಟಿನ್. 2003ರಲ್ಲಿ ನ್ಯೂ ಮೆಕ್ಸಿಕೋದ ಕೇಟಿ ನೈಡಾ, ದೊಡ್ಡ ಕಾಲೇಜುಗಳ ಮಟ್ಟದಲ್ಲಿ ಅಂಕ ಗಳಿಸಿದ ಮೊದಲನೆಯವಳು. ಅವಳ ವಿಷಯಕ್ಕೆ ಆಮೇಲೆ ಬರ್ತೀನಿ. ಅದು ಬರೀ ಅಂಕದ ಕತೆಯಲ್ಲ.

ಪ್ರಚಾರ ಅಂತ ನೀವು ಹೇಳಿದ್ದು ಬಹುಶಃ ಸಾರಾ ಫುಲ್ಲರ್ ವಿಡಿಯೋ ನೋಡಿ. ನಮ್ಮೂರಿನ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಸಾಕರ್ ಗೋಲ್‌ಕೀಪರ್ ಅವಳು. 2020ರ ನವೆಂಬರ್, ಕೋವಿಡ್ ಜೋರಾಗಿದ್ದ ಸಮಯ. ಅವಳ ಸಾಕರ್ ತಂಡ ಆಗತಾನೇ ಎಸ್‌ಇಸಿ (ದಕ್ಷಿಣದ ಕಾಲೇಜುಗಳ ಕ್ರೀಡಾಕೂಟ) ಪಂದ್ಯಾವಳಿ ಗೆದ್ದಿತ್ತು. ಅದೇ ವಾರ ಫುಟ್‌ಬಾಲ್ ತಂಡದ ಕಿಕ್ಕರ್‌ಗಳು ಕ್ವಾರಂಟೈನ್ ಆದರು. ಕ್ಯಾಂಪಸ್ಸಿನಲ್ಲಿ ಚೆಂಡು ದೂರ ಒದೆಯಬಲ್ಲವರು, ಕೋವಿಡ್ ಪರೀಕ್ಷೆ ಆಗುತ್ತಾ ಇದ್ದವರು ಯಾರು ಅಂತ ಹುಡುಕಿದಾಗ ಸಿಕ್ಕವಳು ಇವಳು.

ನವೆಂಬರ್ 28ರಂದು ಮಿಸ್ಸೌರಿ ವಿರುದ್ಧ ಪಂದ್ಯ. ಮೊದಲರ್ಧದಲ್ಲಿ ವ್ಯಾಂಡರ್‌ಬಿಲ್ಟ್‌ಗೆ ಒಂದು ಅಂಕವೂ ಬರಲಿಲ್ಲ. ಟಚ್‌ಡೌನ್ ಆದರೆ ತಾನೇ ಎಕ್ಸ್‌ಟ್ರಾ ಪಾಯಿಂಟ್? ಹುಡುಗಿ ಸುಮ್ನೆ ಬದಿಯಲ್ಲಿ ನಿಂತಿದ್ದಳು. ಎರಡನೇ ಅರ್ಧ ಶುರುವಾಗುವಾಗ ಕಿಕ್‌ಆಫ್ ಮಾಡಲು ಬಂದಳು. ಹೆಲ್ಮೆಟ್ ಹಿಂದೆ "ಪ್ಲೇ ಲೈಕ್ ಎ ಗರ್ಲ್" ಅನ್ನುವ ಸ್ಟಿಕ್ಕರ್. ಚೆಂಡನ್ನು ಎತ್ತರಕ್ಕೆ ಹೊಡೆಯಲಿಲ್ಲ. ನೆಲಕ್ಕೆ ಹತ್ತಿರ, ಉರುಳಿಕೊಂಡು ಹೋಗುವ ಹಾಗೆ ಒದ್ದಳು. 30 ಗಜ ಹೋಯಿತು, ಮಿಸ್ಸೌರಿ ಆಟಗಾರ ಅದರ ಮೇಲೆ ಬಿದ್ದ. ಅಷ್ಟೇ. ಇವಳು ಬದಿಗೆ ಓಡಿದಳು. ಪಂದ್ಯ 41-0, ಸೋಲು.

ಈ 30 ಗಜ ಇಟ್ಟುಕೊಂಡು ಇಂಟರ್‌ನೆಟ್‌ನಲ್ಲಿ ಆಡಿಕೊಂಡವರಿಗೆ ಕೊನೆಯಿಲ್ಲ. ನಿಜ ಏನಂದ್ರೆ ಅದು ಬೇಕಂತಲೇ ಹಾಗೆ ಒದ್ದ ಚೆಂಡು, ಎದುರಾಳಿಗೆ ಹಿಡಿದು ಓಡಲು ಅವಕಾಶ ಸಿಗಬಾರದು ಅಂತ. ಸ್ಕ್ವಿಬ್ ಕಿಕ್ ಅಂತಾರೆ. ಗಂಡು ಕಿಕ್ಕರ್‌ಗಳೂ ಒದೆಯುತ್ತಾರೆ. ಎರಡು ವಾರ ಬಿಟ್ಟು ಡಿಸೆಂಬರ್ 12ರಂದು ಟೆನ್ನೆಸ್ಸೀ ವಿರುದ್ಧ ಅವಳಿಗೆ ಎರಡು ಎಕ್ಸ್‌ಟ್ರಾ ಪಾಯಿಂಟ್ ಅವಕಾಶ ಸಿಕ್ಕಿತು. ಎರಡೂ ಕಂಬಗಳ ನಡುವೆ ಹೋದವು. ಅದನ್ನು ಆಡಿಕೊಂಡವರು ಶೇರ್ ಮಾಡಿದ್ದು ನಾನಂತೂ ನೋಡಿಲ್ಲ.

ಹಾಗಂತ ಆ ಕಡೆಯವರ ದೂರೆಲ್ಲ ಸುಳ್ಳಲ್ಲ. ಮಿಸ್ಸೌರಿ ಪಂದ್ಯದ ಆ ಒಂದೇ ಕಿಕ್‌ಗೆ ಅವಳನ್ನು ಎಸ್‌ಇಸಿ ಆ ವಾರದ ಅತ್ಯುತ್ತಮ ಸ್ಪೆಷಲ್ ಟೀಮ್ಸ್ (ಚೆಂಡು ಒದೆಯುವ ಸಮಯದಲ್ಲಿ ಇಳಿಯುವ ತಂಡ) ಆಟಗಾರರಲ್ಲಿ ಒಬ್ಬಳು ಅಂತ ಘೋಷಿಸಿತು. ಇದು ಅತಿಯಾಯಿತು. ಅವಳೇನು ಕೇಳಿರಲಿಲ್ಲ, ಕೊಟ್ಟವರ ಉತ್ಸಾಹ ಅದು. ಆದರೆ ಪ್ರಚಾರ ಅಂತ ಕೈ ತೋರಿಸಲು ಕಾಯುತ್ತಿದ್ದವರಿಗೆ ಹಬ್ಬ ಆಯಿತು. ಮಾಡಿದ ಕೆಲಸಕ್ಕಿಂತ ಜಾಸ್ತಿ ಹೊಗಳಿದರೆ ಮುಂದೆ ಬರುವ ಹುಡುಗಿಗೇ ಕಷ್ಟ. ಅವಳ ಒಂದೊಂದು ಒದೆತವನ್ನೂ ಇಡೀ ಹೆಣ್ಣುಕುಲದ ಪರೀಕ್ಷೆ ಮಾಡಿಬಿಡುತ್ತಾರೆ.

ಈಗ ಕಾನೂನು. ಇದು ನಿಮ್ಮ ಅಣ್ಣನಿಗೆ ಗೊತ್ತಿರಬೇಕು. ಅಮೆರಿಕದಲ್ಲಿ 1972ರ ಟೈಟಲ್ ನೈನ್ ಅನ್ನುವ ಕಾನೂನಿದೆ. ಸರ್ಕಾರಿ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಗಂಡು ಹೆಣ್ಣು ಅಂತ ಭೇದ ಮಾಡುವ ಹಾಗಿಲ್ಲ. ಆದರೆ 1975ರಲ್ಲಿ ಬಂದ ನಿಯಮಗಳಲ್ಲಿ ಒಂದು ವಿನಾಯಿತಿ ಕೊಟ್ಟರು. ಬಾಕ್ಸಿಂಗ್, ಕುಸ್ತಿ, ರಗ್ಬಿ, ಫುಟ್‌ಬಾಲ್ ಥರ ಮೈಗೆ ಮೈ ತಾಗುವ ಆಟಗಳಲ್ಲಿ ಹುಡುಗಿಯರಿಗೆ ಟ್ರೈಔಟ್ (ತಂಡಕ್ಕೆ ಆರಿಸುವ ಪರೀಕ್ಷೆ) ಕೊಡಲೇಬೇಕು ಅಂತಿಲ್ಲ. ಕೋಚ್ ಬೇಡ ಅಂದರೆ ಈ ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗೀತು.

ಒಂದು ಸಲ ಒಳಗೆ ಬಿಟ್ಟುಕೊಂಡರೆ? ಇದಕ್ಕೆ ಉತ್ತರ ಕೊಟ್ಟಿದ್ದು ಹೆದರ್ ಸೂ ಮರ್ಸರ್ ಕೇಸು. ಅವಳು ಡ್ಯೂಕ್ ಯೂನಿವರ್ಸಿಟಿಯವಳು. 1995ರಲ್ಲಿ ತಂಡದೊಳಗಿನ ಪಂದ್ಯದಲ್ಲಿ 28 ಗಜದಿಂದ ಒದ್ದು ತನ್ನ ಬಣವನ್ನು ಗೆಲ್ಲಿಸಿದಳು. ಅವಳು ಈಗ ತಂಡದವಳು ಅಂತ ಕೋಚ್ ಪತ್ರಿಕೆಯವರಿಗೆ ಹೇಳಿದರು. ಆಮೇಲೆ ಪಂದ್ಯಗಳಲ್ಲಿ ಬದಿಯಲ್ಲಿ ನಿಲ್ಲಲೂ ಬಿಡಲಿಲ್ಲ, ಫುಟ್‌ಬಾಲ್ ಬಿಟ್ಟು ಸೌಂದರ್ಯ ಸ್ಪರ್ಧೆಗೆ ಯಾಕೆ ಹೋಗಬಾರದು ಅಂತ ಕೇಳಿದರು ಅನ್ನೋದು ಅವಳ ದೂರು. 1996ರಲ್ಲಿ ಕೈಬಿಟ್ಟರು. ಅವಳು ಕೋರ್ಟಿಗೆ ಹೋದಳು. 1999ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು: ಟ್ರೈಔಟ್ ಕೊಡದೇ ಇರುವ ಹಕ್ಕು ಕಾಲೇಜಿಗಿದೆ, ಆದರೆ ಕೊಟ್ಟಮೇಲೆ ಹೆಣ್ಣು ಅನ್ನುವ ಕಾರಣಕ್ಕೆ ಭೇದ ಮಾಡುವ ಹಾಗಿಲ್ಲ. 2000ದಲ್ಲಿ ಜ್ಯೂರಿ ಅವಳಿಗೆ ನಷ್ಟಪರಿಹಾರ ಅಂತ 1 ಡಾಲರ್, ಕಾಲೇಜಿಗೆ ದಂಡ ಅಂತ 20 ಲಕ್ಷ ಡಾಲರ್ ಹಾಕಿತು. ಆ 20 ಲಕ್ಷ ಆಮೇಲೆ ರದ್ದಾಯಿತು. ಬೇರೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟು, ಇಂಥ ಕಾನೂನುಗಳ ಅಡಿಯಲ್ಲಿ ದಂಡದ ರೂಪದ ಪರಿಹಾರ ಕೇಳುವ ಹಾಗಿಲ್ಲ ಅಂದಿದ್ದರಿಂದ.

ಈ ತೀರ್ಪನ್ನು ಎಲ್ಲರೂ ಹೆಣ್ಣುಮಕ್ಕಳ ಗೆಲುವು ಅಂತಾರೆ. ನನಗೆ ಹಾಗೆ ಪೂರ್ತಿ ಅನ್ನಿಸೋದಿಲ್ಲ. ಕೋಚ್ ಜಾಗದಲ್ಲಿ ನಿಂತು ನೋಡಿ. ಬಾಗಿಲು ಹಾಕಿಕೊಂಡಿದ್ದರೆ ಟೈಟಲ್ ನೈನ್ ಅಡಿಯಲ್ಲಿ ಯಾರೂ ಕೇಳೋ ಹಾಗಿಲ್ಲ. ಒಳಗೆ ಬಿಟ್ಟುಕೊಂಡು ಆಮೇಲೆ ಹೆಚ್ಚುಕಮ್ಮಿ ಆದರೆ ಕೋರ್ಟು. ಹೆದರಿಕೊಂಡವನು ಬಾಗಿಲನ್ನೇ ತೆಗೆಯೋದಿಲ್ಲ. ಇರುವುದರಲ್ಲಿ ಸರಿಪಡಿಸಬೇಕಾದ್ದು ಆ ವಿನಾಯಿತಿಯನ್ನೇ. ಎಲ್ಲರಿಗೂ ಟ್ರೈಔಟ್ ಕೊಡಿ, ಒದ್ದ ಚೆಂಡು ನೋಡಿ ಆರಿಸಿ. ಹತ್ತರಲ್ಲಿ ಎಷ್ಟು ಒಳಗೆ ಹೋಯಿತು ಅಂತ ಎಣಿಸೋದು ಕಷ್ಟದ ಕೆಲಸ ಅಲ್ಲವಲ್ಲ.

ಕೇಟಿ ನೈಡಾ ವಿಷಯ. 1999ರಲ್ಲಿ ಅವಳು ಕೊಲರಾಡೋ ಯೂನಿವರ್ಸಿಟಿ ತಂಡ ಸೇರಿದ್ದಳು. ಅಲ್ಲಿಂದ ಬಿಟ್ಟು ನ್ಯೂ ಮೆಕ್ಸಿಕೋಗೆ ಬಂದು ಆಡಿ, ಅಂಕ ಗಳಿಸಿದ ಮೇಲೆ, 2004ರಲ್ಲಿ ಬಾಯಿಬಿಟ್ಟಳು: ಕೊಲರಾಡೋದಲ್ಲಿ ತಂಡದವರು ಕಿರುಕುಳ ಕೊಟ್ಟರು, ಒಬ್ಬ ಅತ್ಯಾಚಾರ ಮಾಡಿದ. ಪೊಲೀಸರಿಗೆ ದೂರು ಕೊಡಲಿಲ್ಲ, ಕೇಸು ನಡೆಯಲಿಲ್ಲ. ಆಗ ಅಲ್ಲಿನ ಕೋಚ್ ಪತ್ರಿಕೆಯವರ ಮುಂದೆ, ಅವಳು ಕಿಕ್ಕರ್ ಆಗಿ ತೀರಾ ಕೆಟ್ಟದಾಗಿದ್ದಳು ಅಂತ ಮಾತಾಡಿ, ರಜೆಯ ಮೇಲೆ ಹೋಗಬೇಕಾಯಿತು. ಹುಡುಗಿ ಹೇಳುತ್ತಿರುವುದು ಏನು, ಇವರು ಉತ್ತರ ಕೊಟ್ಟಿದ್ದು ಯಾವುದಕ್ಕೆ!

ಮನೆಯಲ್ಲಿ ಬೇಡ ಅನ್ನುವವರು ಸಾಮಾನ್ಯವಾಗಿ ಹೇಳೋದು "ಮೂಳೆ ಮುರೀತದೆ" ಅಂತ. ಕಿಕ್ಕರ್‌ಗೆ ಆ ಭಯ ಕಡಿಮೆ. ನೈಡಾ ಹೇಳಿದ್ದು ಮೈದಾನದ ಮೇಲಿನ ಪೆಟ್ಟನ್ನಲ್ಲ. ಹಾಗಾಗಿ ಹೆದರುವುದಾದರೆ ಸರಿಯಾದ ಜಾಗದಲ್ಲಿ ಹೆದರಿ. ನ್ಯೂ ಮೆಕ್ಸಿಕೋದಲ್ಲಿ ಅದೇ ಹುಡುಗಿ, ಅದೇ ಕಾಲು, ಆದರೆ ತಂಡ ಅವಳನ್ನು ತನ್ನವಳಾಗಿ ನೋಡಿತು.

ಕಿಕ್ಕರ್ ಅಲ್ಲದ ಜಾಗದಲ್ಲಿ ಆಡಿದವರೂ ಇದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದ ಶೆನಾಂಡೋವಾ ಯೂನಿವರ್ಸಿಟಿ ತಂಡದಲ್ಲಿ ಹೇಲಿ ವ್ಯಾನ್ ವೂರಿಸ್ ಸೇಫ್ಟಿ (ಹಿಂದೆ ನಿಂತು ಎದುರಾಳಿಯನ್ನು ತಡೆಯುವ) ಜಾಗದಲ್ಲಿ ಆಡಿ, ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಮೇಲೆ ನುಗ್ಗಿ ಅವಸರದಲ್ಲಿ ಎಸೆಯುವ ಹಾಗೆ ಮಾಡಿದಳು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಪಂದ್ಯದಲ್ಲಿ ಆಡಿದ, ಕಿಕ್ಕರ್ ಅಲ್ಲದ ಮೊದಲ ಹೆಣ್ಣು ಅವಳೇ. ತೂಕ ಸುಮಾರು 66 ಕಿಲೋ. ಆದರೆ ಅದು ಸ್ಕಾಲರ್‌ಶಿಪ್ ಇಲ್ಲದ ಮೂರನೇ ದರ್ಜೆ ವಿಭಾಗ. ದೊಡ್ಡ ಕಾಲೇಜುಗಳಲ್ಲಿ ಇದು ಆಗುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಇನ್ನೊಂದು ವಾದ, ಹುಡುಗನೊಬ್ಬನ ಜಾಗ ಹೋಗುತ್ತೆ ಅನ್ನೋದು. ಇದುವರೆಗೆ ಇದರಲ್ಲಿ ಹುರುಳಿರಲಿಲ್ಲ. ಹೆಚ್ಚಿನ ಹುಡುಗಿಯರು ಬಂದಿದ್ದು ವಾಕ್ ಆನ್ ಆಗಿ, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ, ಟ್ರೈಔಟ್ ಕೊಟ್ಟು. ತಂಡಕ್ಕೆ ಎಷ್ಟು ಜನ ವಾಕ್ ಆನ್ ಬಂದರೂ ನಡೆಯುತ್ತಿತ್ತು. 2025ರಲ್ಲಿ ಕೋರ್ಟಿನ ಒಂದು ರಾಜಿಯಿಂದ ಇದು ಬದಲಾಯಿತು. ಆ ರಾಜಿಗೆ ಒಪ್ಪಿದ ದೊಡ್ಡ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ ಒಟ್ಟು 105 ಜನರಷ್ಟೇ ಇರಬೇಕು. ವಾಕ್ ಆನ್ ಹುಡುಗರೇ ಮನೆಗೆ ಹೋಗುತ್ತಿದ್ದಾರೆ. ಈಗ ನಿಮ್ಮ ಅಣ್ಣನ ಮಗಳಿಗೆ ಅಡ್ಡ ಇರೋದು ಟೀವಿಯಲ್ಲಿ ನಡೆಯುವ ವಾದಕ್ಕಿಂತ ಈ ಲೆಕ್ಕ. ಸಣ್ಣ ಕಾಲೇಜುಗಳಲ್ಲಿ ದಾರಿ ಇನ್ನೂ ಸಲೀಸು. 2017ರಲ್ಲಿ ಬೆಕ್ಕಾ ಲಾಂಗೋ ಅನ್ನುವ ಕಿಕ್ಕರ್‌ಗೆ ಸ್ಕಾಲರ್‌ಶಿಪ್ ಕೊಟ್ಟಿದ್ದೂ ಕೊಲರಾಡೋದ ಆಡಮ್ಸ್ ಸ್ಟೇಟ್ ಅನ್ನುವ ಎರಡನೇ ವಿಭಾಗದ ಕಾಲೇಜು.

ಫ್ಲ್ಯಾಗ್ ಫುಟ್‌ಬಾಲ್ (ಡಿಕ್ಕಿ ಹೊಡೆಯದೆ, ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತು ಎದುರಾಳಿಯನ್ನು ತಡೆಯುವ ಆಟ) ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಹುಡುಗಿಯರಿಗೆ ಅದು ಚೆನ್ನಾಗಿ ಬೆಳೀತಿದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಇದೆ. ಆದರೆ ಅದರಲ್ಲಿ ಚೆಂಡು ಒದೆಯೋದೇ ಇಲ್ಲ. ಇವಳಿಗೆ ಉಪಯೋಗ ಇಲ್ಲ.

ಹಾಗಾದರೆ ಏನು ಮಾಡೋದು? ಹೈಸ್ಕೂಲಿನಲ್ಲಿ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಅಂಕ ಗಳಿಸುವುದು) ಒದೆಯುವಾಗ ಚೆಂಡಿನ ಕೆಳಗೆ ಸಣ್ಣ ಬ್ಲಾಕ್ ಇಡಬಹುದು. ಕಾಲೇಜಿನಲ್ಲಿ ಇಲ್ಲ, ನೆಲದಿಂದಲೇ ಒದೆಯಬೇಕು. ಈಗಿನಿಂದಲೇ ಬ್ಲಾಕ್ ಬಿಟ್ಟು ಅಭ್ಯಾಸ ಮಾಡಲಿ. ಎಕ್ಸ್‌ಟ್ರಾ ಪಾಯಿಂಟ್ ಸುಮಾರು 20 ಗಜ, ಅದು ಸಾಕರ್ ಕಾಲಿಗೆ ಕಷ್ಟವಲ್ಲ. 40 ಗಜದಿಂದ ತಪ್ಪದೆ ಹಾಕಿದರೆ ಮಾತ್ರ ಕೋಚ್ ತಲೆ ಎತ್ತಿ ನೋಡುತ್ತಾನೆ. ದೂರಕ್ಕಿಂತ ಸಮಯ ಮುಖ್ಯ. ಚೆಂಡು ಹಿಂದೆ ಬಂದು, ಹೋಲ್ಡರ್ ಹಿಡಿದು ನೆಲಕ್ಕೆ ಇಟ್ಟು, ಇವಳ ಕಾಲು ತಾಗಲು ಒಟ್ಟು ಸುಮಾರು 1.3 ಸೆಕೆಂಡ್. ತಡವಾದರೆ ಎದುರಿನವರ ಕೈಗೆ ಬಡಿಯುತ್ತೆ. ನೈಡಾಳ ಮೊದಲ ಕಿಕ್ 2002ರ ಲಾಸ್ ವೇಗಸ್ ಬೌಲ್ ಅನ್ನುವ ಪಂದ್ಯದಲ್ಲಿ ಎದುರಾಳಿ ಕೈಗೆ ತಾಗಿಯೇ ನಿಂತಿತ್ತು. ಒಬ್ಬಳೇ ಮೈದಾನದಲ್ಲಿ ನಿಂತು ಆರಾಮಾಗಿ ಒದ್ದ ವಿಡಿಯೋ ಕಳಿಸಿದರೆ ಪ್ರಯೋಜನ ಕಡಿಮೆ. ಸ್ನ್ಯಾಪರ್ (ಚೆಂಡನ್ನು ಹಿಂದಕ್ಕೆ ಎಸೆದುಕೊಡುವವನು), ಹೋಲ್ಡರ್ ಜೊತೆ ಒದ್ದಿದ್ದನ್ನು ಕಳಿಸಲಿ.

ಕೋಚ್ ಜೊತೆ ಮಾತಾಡುವಾಗ ನಿಮ್ಮ ಅಣ್ಣ ಅತ್ತಿಗೆ ಎರಡು ವಿಷಯ ನೇರವಾಗಿ ಕೇಳಲಿ. ಬಟ್ಟೆ ಬದಲಿಸಲು ಅವಳಿಗೆ ಎಲ್ಲಿ ಜಾಗ, ಮತ್ತೆ ತಂಡದ ಹುಡುಗನ ಮೇಲೆ ದೂರು ಹೇಳಬೇಕಾಗಿ ಬಂದರೆ ಕೋಚ್ ಬಿಟ್ಟು ಯಾರ ಹತ್ತಿರ ಹೋಗಬೇಕು. ಇದಕ್ಕೆ ತಡವರಿಸಿದರೆ ಆ ಕಾಲೇಜು ಬೇಡ, ಎಷ್ಟೇ ದೊಡ್ಡ ಹೆಸರಿರಲಿ.

ಯಾವ್ಯಾವ ಕಾಲೇಜಿಗೆ ಅರ್ಜಿ ಹಾಕ್ತಿದ್ದಾಳೆ ಅಂತ ತಿಳಿಸಿದರೆ ಅಲ್ಲಿ 105ರ ಮಿತಿ ಇದೆಯಾ, ವಾಕ್ ಆನ್ ಟ್ರೈಔಟ್ ಯಾವಾಗ ಅಂತ ನೋಡಿ ಹೇಳ್ತೀನಿ.