ಮೊದಲು ಅವನ ಪುಸ್ತಕ ತೆಗೆದು ನೋಡಿ

ಮಗ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ, ಇಂಗ್ಲಿಷಲ್ಲಿ ಮಾತ್ರ ಫೇಲು; ಟ್ಯೂಷನ್ನಿಗೆ ಹಾಕಲೋ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೋ ಅಂತ ಕೇಳಿದ್ದೀರಿ. ಎರಡೂ ಬೇಡ. ಇವತ್ತು ರಾತ್ರಿ ಅವನ ಇಂಗ್ಲಿಷ್ ಪುಸ್ತಕ ತೆಗೆದು, ಸಾಲುಗಳ ಮೇಲೆ ಪೆನ್ಸಿಲಲ್ಲಿ ಕನ್ನಡ ಅಕ್ಷರ ಇದೆಯಾ ನೋಡಿ.

ನನ್ನ ಮಗನ ಪುಸ್ತಕದಲ್ಲಿ ಇತ್ತು. ಬರೆದುಕೊಟ್ಟವನು ನಾನೇ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಪುಸ್ತಕ ಬರೆಯುವಷ್ಟು ಇಂಗ್ಲಿಷ್ ಬರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಅವನು ಹತ್ತನೇ ಕ್ಲಾಸು. ದಿನಗಟ್ಟಲೆ ಶಾಲೆಯಿಲ್ಲ, ಕರೆಂಟಿಲ್ಲ. ಮೇಣದ ಬತ್ತಿ ಹಚ್ಚಿಟ್ಟು ಪಾಠದ ಸಾಲು ಸಾಲಿನ ಮೇಲೂ 'ಹಿ ವೆಂಟ್ ಟು ದ ವಿಲೇಜ್' ಅಂತ ಉಚ್ಚಾರ ಬರೆದೆ. ಪ್ರಶ್ನೋತ್ತರ, ಪತ್ರ, ಪ್ರಬಂಧ ಯಾವುದನ್ನೂ ಬಿಡಲಿಲ್ಲ. ಅವನು ಗಡಗಡ ಒಪ್ಪಿಸುತ್ತಿದ್ದ. ನೆಂಟರು ಬಂದಾಗ ಅವರ ಮುಂದೆ ಓದಿಸಿ ಹೆಮ್ಮೆಪಟ್ಟೆ.

ಆ ಪೆನ್ಸಿಲ್ ಅಕ್ಷರ ಏನು ಮಾಡಿತು ಅಂತ ಬಿಡಿಸಿ ಹೇಳಲೇಬೇಕು. ಕನ್ನಡದ ಮಕ್ಕಳ ಕಣ್ಣಿಗೆ ಕನ್ನಡ ಕಂಡರೆ ಮತ್ತೆ ಕೆಳಗಿಳಿಯುವುದಿಲ್ಲ. ಅಡಿಯಲ್ಲಿದ್ದ ಇಂಗ್ಲಿಷ್ ಸಾಲನ್ನು ಅವನು ತಿಂಗಳುಗಟ್ಟಲೆ ನೋಡಿಯೇ ಇರಲಿಲ್ಲ. ನಮ್ಮಲ್ಲಿ ಬರೆದಂತೆ ಓದುತ್ತೇವೆ. ಅಲ್ಲಿ ಥ್ರೂ, ಥಾಟ್, ಟಫ್ ಮೂರರಲ್ಲೂ ಒ-ಯು-ಜಿ-ಎಚ್ ಅನ್ನುವ ಅದೇ ನಾಲ್ಕು ಅಕ್ಷರ, ಉಚ್ಚಾರ ಮಾತ್ರ ಬೇರೆ ಬೇರೆ. ಅದು ಕಣ್ಣಿಗೆ ಬಿದ್ದು ಬಿದ್ದೇ ರೂಢಿಯಾಗಬೇಕು. ಆ ರೂಢಿಗೆ ನಾನೇ ಅಡ್ಡ ನಿಂತಿದ್ದೆ. ಅವನು ಓದುತ್ತಿದ್ದದ್ದು ಇಂಗ್ಲಿಷೇ ಅಲ್ಲ, ಅರ್ಥವಿಲ್ಲದ ಕನ್ನಡ. ಬರೆಯುವಾಗಲೂ ಬಾಯಿಪಾಠದ ಸ್ಪೆಲ್ಲಿಂಗನ್ನು ರಂಗೋಲಿ ಎಳೆದ ಹಾಗೆ ಇಳಿಸುತ್ತಿದ್ದ.

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆ ಮುಗಿಸಿ ಬಂದ ದಿನ ಪ್ರಶ್ನೆಪತ್ರಿಕೆ ಬಿಚ್ಚಿ ಕೂತೆವು. ಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ ಕೊಟ್ಟಿರುತ್ತಾರಲ್ಲ, ಉತ್ತರ ಅದರೊಳಗೇ ಇರುತ್ತದೆ. ಅದರಲ್ಲಿ ಒಂದು ಸಾಲಿಗೆ ಬೆರಳಿಟ್ಟು ಓದು ಅಂದೆ. ಸುಮ್ಮನೆ ಕೂತ. ಆಮೇಲೆ ಮೆಲ್ಲಗೆ, "ಇದರ ಮೇಲೆ ಬರೆದಿಲ್ವಲ್ಲ ಅಪ್ಪ" ಅಂದ.

ಬೇರೆಲ್ಲ ವಿಷಯ ಪಾಸು, ಇಂಗ್ಲಿಷ್ ಫೇಲು. ಜೂನಿನ ಪೂರಕ ಪರೀಕ್ಷೆಗೆ ಉಳಿದದ್ದು ಏಳು ವಾರ. ಇಬ್ಬರೂ ಕೂತು ಪೆನ್ಸಿಲ್ ಅಕ್ಷರ ಅಳಿಸಿದೆವು; ಒತ್ತಿ ಬರೆದ ಕಡೆ ಹಾಳೆಯೇ ಹರಿಯಿತು. ಪಕ್ಕದ ಮನೆಯಿಂದ ಆರನೇ ಕ್ಲಾಸಿನ ಪುಸ್ತಕ ತಂದು ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿದೆ. ತಡವರಿಸಿದರೆ ಕಾದೆ, ಬಾಯಿ ಹಾಕಲಿಲ್ಲ. ಓದಿದ್ದನ್ನು ಕನ್ನಡದಲ್ಲಿ ಹೇಳಿಸಿದೆ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಂತಿಲ್ಲ, ಪಕ್ಕದಲ್ಲಿ ಕೂತರಾಯಿತು. ಆಮೇಲೆ ಅವತ್ತು ಕಂಡದ್ದರ ಬಗ್ಗೆ ಸ್ವಂತವಾಗಿ ಮೂರು ವಾಕ್ಯ. ತಪ್ಪು ಹತ್ತಿದ್ದರೂ ತಿದ್ದಿದ್ದು ಒಂದೇ. ಮೂರು ವಾಕ್ಯ ಸ್ವಂತವಾಗಿ ಬರೆಯುವ ಹುಡುಗನಿಗೆ ಪತ್ರ ಬಾಯಿಪಾಠ ಮಾಡಿಸುವ ಗೈಡು ಯಾಕೆ?

ಟ್ಯೂಷನ್ ಬೇಡ ಅಂದದ್ದೂ ಇದಕ್ಕೇ. ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡವರಿಗೆ ಒಬ್ಬೊಬ್ಬರ ಓದನ್ನೂ ಕೇಳುವ ಪುರುಸೊತ್ತಿರುವುದಿಲ್ಲ. ಸ್ಪೋಕನ್ ಕೋರ್ಸು ಪಿಯುಸಿ ಆದಮೇಲೆ ನೋಡಿಕೊಳ್ಳಿ, ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆಯ 80 ಅಂಕ ಓದಿ ಬರೆಯುವುದಕ್ಕೆ.

ಆರನೇ ಕ್ಲಾಸಿನ ಪುಸ್ತಕ ಸಿಗದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತ. ಅದೂ ಕಷ್ಟವಾದರೆ ಐದನೇದು ತೆಗೆಯಿರಿ, ಅವನು ನಾಚಿಕೊಂಡರೂ ಬಿಡಬೇಡಿ.

ಮೇ ಕೊನೆಗೆ ತೋಟದಲ್ಲಿ ಗಿಡಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ಕೆಲಸ. ಮೈಲುತುತ್ತದ ಚೀಲ ಬಿಚ್ಚುತ್ತಿದ್ದೆ. ಅವನು ಬಗ್ಗಿ ಚೀಲದ ಮೇಲಿದ್ದ ಇಂಗ್ಲಿಷಿನ ಮೇಲೆ ಬೆರಳಾಡಿಸುತ್ತಾ ನಿಧಾನಕ್ಕೆ ಓದಿದ. "ಅಪ್ಪ, ಕೈಗೆ ಗ್ಲೌಸ್ ಹಾಕ್ಕೋಬೇಕಂತೆ, ಇಲ್ಲಿ ಬರೆದಿದಾರೆ" ಅಂದ. ಜೂನಿನಲ್ಲಿ ಪಾಸಾದ.